ನಿಷೇಧ ಬೇಡ, ‘ಸೋಲೋ ಆಗಿದೆಯಾ’ ಅಂತ ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು, ಈ ರಿಮೋಟ್ ವಿಮಾನಗಳನ್ನು ಶಿವಮೊಗ್ಗ ಜಿಲ್ಲೆಯಲ್ಲಿ ಪೂರ್ತಿ ನಿಷೇಧ ಮಾಡಬೇಕು ಅಂತ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರು ಹೇಳಿದ ಆ ಶಾಲೆಯ ವಾರ್ಷಿಕೋತ್ಸವಕ್ಕೆ ನಾನೂ ಹೋಗಿದ್ದೆ. ಮೂರನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದೆ. ಊಟದ ಗಂಟೆ ಹೊಡೆಯಿತು, ಮಕ್ಕಳೆಲ್ಲ ತಟ್ಟೆ ಹಿಡಿದು ಓಡಿದರು, ನಾನೂ ಎದ್ದೆ. ಅದಾದ ಮೂರ್ನಾಲ್ಕು ನಿಮಿಷಕ್ಕೆ ವಿಮಾನ ಶಾಮಿಯಾನದ ಕಂಬಕ್ಕೆ ಬಡಿದು ಅದೇ ಸಾಲಿನ ಮೇಲೆ ಬಿತ್ತು. ಎರಡು ಪ್ಲಾಸ್ಟಿಕ್ ಕುರ್ಚಿ ಸೀಳಿದವು. ಯಾರಿಗೂ ಏನೂ ಆಗಲಿಲ್ಲ, ಊಟಕ್ಕೆ ಪಾಯಸ ಇದ್ದದ್ದು ನಮ್ಮ ಪುಣ್ಯ.

ಹಾರಿಸಿದ ಹುಡುಗ ಕೆಟ್ಟವನಲ್ಲ. ಆಮೇಲೆ ಮಾತಾಡಿಸಿದೆ. ಆನ್‌ಲೈನ್‌ನಲ್ಲಿ ತರಿಸಿ ಒಂದು ವಾರ ಆಗಿತ್ತಂತೆ. ವಿಡಿಯೋ ನೋಡಿ ಜೋಡಿಸಿದ್ದ. ಮನೆ ಎದುರಿನ ಗದ್ದೆಯಲ್ಲಿ ಎರಡು ಸಲ ಹಾರಿಸಿದ್ದ, ಎರಡೂ ಸಲ ಅದು ತಾನಾಗಿಯೇ ಹಾರಿತ್ತು, ತಾನಾಗಿಯೇ ಬಿದ್ದಿತ್ತು. ಆ ಧೈರ್ಯದ ಮೇಲೆ ಶಾಲೆಯವರು ಕರೆದಾಗ ಒಪ್ಪಿಕೊಂಡ. ಕರೆದವರೂ ಒಂದು ಮಾತು ಕೇಳಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ವಿಮಾನ ಇರುವವರೆಲ್ಲ ವಿಮಾನ ಹಾರಿಸಬಲ್ಲವರು ಅಂದುಕೊಳ್ಳುತ್ತೇವೆ. ಹಾರ್ಮೋನಿಯಂ ಇಟ್ಟುಕೊಂಡವರನ್ನೆಲ್ಲ ವೇದಿಕೆಗೆ ಹತ್ತಿಸುತ್ತೇವಾ?

ನನಗೀಗ 54 ವರ್ಷ. ಅಡಿಕೆ ತೋಟ ಇದೆ, ಸ್ವಲ್ಪ ಗದ್ದೆ ಇದೆ. ಎರಡು ವರ್ಷದ ಹಿಂದೆ ಈ ಹುಚ್ಚು ಹಿಡಿಯಿತು. ಹೋದ ಫೆಬ್ರವರಿಯಲ್ಲಿ ನಮ್ಮ ಕ್ಲಬ್ಬಿನಲ್ಲಿ ‘ಸೋಲೋ’ ಆದೆ. ಸೋಲೋ ಅಂದ್ರೆ ಇನ್ನು ಮೇಲೆ ಕಲಿಸುವವರು ಪಕ್ಕದಲ್ಲಿ ಇಲ್ಲದಿದ್ದರೂ ನಾನೊಬ್ಬನೇ ಹಾರಿಸಬಹುದು ಅಂತ ಕ್ಲಬ್ಬು ಒಪ್ಪಿಕೊಂಡಿತು. ಅದಕ್ಕೆ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ನನ್ನ ತಮ್ಮನ ಮಗಳು ಒಂಬತ್ತನೇ ಕ್ಲಾಸು, ನನ್ನ ಜೊತೆಗೇ ಶುರು ಮಾಡಿದವಳು, ಐದೇ ತಿಂಗಳಿಗೆ ಪಾಸಾದಳು. ಈಗಲೂ ನಾನು ಇಳಿಸುವಾಗ ಹಿಂದೆ ನಿಂತು ‘ದೊಡ್ಡಪ್ಪ, ಥ್ರಾಟಲ್ಲು, ಥ್ರಾಟಲ್ಲು’ ಅಂತ ಪಿಸುಗುಡುತ್ತಾಳೆ. ಥ್ರಾಟಲ್ ಅಂದ್ರೆ ಮೋಟರಿನ ವೇಗ ಏರಿಸಿ ಇಳಿಸುವ ಹಿಡಿ.

ಕ್ಲಬ್ಬು ಅಂದ ಕೂಡಲೇ ದೊಡ್ಡ ಬೋರ್ಡು, ಕಟ್ಟಡ ಅಂದುಕೊಳ್ಳಬೇಡಿ. ಹನ್ನೊಂದು ಜನ ಇದ್ದೇವೆ. ಹೊಸನಗರದ ಕಡೆ ಪರಿಚಯದವರೊಬ್ಬರ ಹುಲ್ಲಿನ ಬ್ಯಾಣ ಇದೆ, ಅದರ ನಡುವೆ ಹುಲ್ಲು ಸವರಿ ಮಾಡಿಕೊಂಡ ಒಂದು ಪಟ್ಟಿ, ಅದೇ ರನ್‌ವೇ. ಒಂದು ಹಳೇ ಬೆಂಚು, ಒಂದು ಬೆಂಕಿ ಆರಿಸುವ ಸಿಲಿಂಡರ್, ಮರಳು ತುಂಬಿದ ಎರಡು ಬಕೆಟ್, ಗಾಳಿ ನೋಡಲು ಗಳುವಿನ ತುದಿಗೆ ಕಟ್ಟಿದ ಹಳೇ ಪಂಚೆಯ ಚೂರು. ನಮಗೆ ಕಲಿಸುವವರು ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ವಾಯು ವಿಭಾಗದಲ್ಲಿ ಏರೋಮಾಡೆಲಿಂಗ್ ಮಾಡಿದವರು. ಎನ್‌ಸಿಸಿಯ ವಾಯು ವಿಭಾಗದಲ್ಲಿ ಇದು ತರಬೇತಿಯ ಒಂದು ಭಾಗ, ನಮ್ಮ ಊರಿನಲ್ಲಿ ಹೆಚ್ಚಿನವರಿಗೆ ಅದೇ ಗೊತ್ತಿಲ್ಲ.

ಈಗ ಕಾನೂನಿನ ಮಾತು. ನಿಷೇಧ ಕೇಳಿದ ಓದುಗರು ‘ಇದಕ್ಕೆ ನಿಯಮವೇ ಇಲ್ಲ’ ಅಂತ ಬರೆದಿದ್ದಾರೆ. ಇದೆ. 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು ನಮಗೂ ಅನ್ವಯ. ಅದರಲ್ಲಿ ನಮ್ಮಂಥವರ ವಿಮಾನಕ್ಕೆ ಬೇರೆಯದೇ ವ್ಯಾಖ್ಯೆ ಇದೆ. ತೂಕ 25 ಕಿಲೋ ಮೀರಬಾರದು, ಕಲಿಕೆ, ಸಂಶೋಧನೆ, ಪರೀಕ್ಷೆ ಅಥವಾ ಹವ್ಯಾಸಕ್ಕೆ ಮಾತ್ರ ಬಳಸಬೇಕು, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಹಸಿರು ವಲಯದಲ್ಲಿ, ಅಂದ್ರೆ ಮೊದಲೇ ಅನುಮತಿ ಕೇಳಬೇಕಿಲ್ಲದ ಕಡೆ, ಎತ್ತರ 400 ಅಡಿ ಮೀರುವಂತಿಲ್ಲ. ಮೀರಬೇಕಾದರೆ ಅನುಮತಿ ಬೇಕು.

ಶಿವಮೊಗ್ಗದವರು ಇದನ್ನು ಇನ್ನೂ ಹುಷಾರಾಗಿ ಓದಬೇಕು. ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆ ಆಯಿತು, ಅದೇ ವರ್ಷ ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನ ಬರತೊಡಗಿತು. ಕಾರ್ಯನಿರತ ವಿಮಾನ ನಿಲ್ದಾಣದ ಗಡಿಯಿಂದ 8 ರಿಂದ 12 ಕಿಲೋಮೀಟರ್ ಒಳಗೆ ಆದರೆ ಅನುಮತಿ ಇಲ್ಲದೆ 200 ಅಡಿಗಿಂತ ಮೇಲೆ ಹೋಗುವಂತಿಲ್ಲ. ಅಂದ್ರೆ ಹೆಚ್ಚುಕಡಿಮೆ ನಾಲ್ಕು ಎತ್ತರದ ಅಡಿಕೆ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು. ಅದಕ್ಕಿಂತ ಹತ್ತಿರ ಆದರೆ ಅನುಮತಿ ಇಲ್ಲದೆ ನೆಲದಿಂದ ಮೇಲೇಳಿಸುವ ಹಾಗೇ ಇಲ್ಲ. ಶಿವಮೊಗ್ಗ ಪೇಟೆ, ಭದ್ರಾವತಿ ಎರಡೂ ಈ ಲೆಕ್ಕದೊಳಗೆ ಬರುತ್ತವೆ. ಹಿಂದೆ ಹಳೇ ಜೈಲಿನ ಮೈದಾನದಲ್ಲಿ ಸುಮ್ನೆ ಹಾರಿಸಿದ ನೆನಪಿರುವವರು ಈಗ ಮೊದಲು ಸರ್ಕಾರದ ವಾಯುಪ್ರದೇಶದ ನಕ್ಷೆ ತೆರೆದು ನೋಡಬೇಕು.

ಆದರೆ ಇದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಎರಡು ಕಿಲೋ ಒಳಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಲೈಸೆನ್ಸ್ ಬೇಡ. ನೋಂದಣಿ, ವಲಯ ಎಲ್ಲ ಬೇರೆ ಮಾತು, ಅವನ್ನು ಪಾಲಿಸಲೇಬೇಕು. ಆದರೆ ‘ನಿನಗೆ ಹಾರಿಸಲು ಬರುತ್ತದಾ’ ಅಂತ ಸರ್ಕಾರ ನನ್ನನ್ನು ಕೇಳುವುದಿಲ್ಲ. ನನ್ನ ಟ್ರೈನರ್, ಅಂದ್ರೆ ಕಲಿಯುವವರ ವಿಮಾನದ ತೂಕ 1.3 ಕಿಲೋ. ಆ ಹುಡುಗನದ್ದೂ ಸುಮಾರು ಅಷ್ಟೇ. ಕೇಳುವವರು ಯಾರೂ ಇಲ್ಲದ ಈ ಜಾಗದಲ್ಲಿ ಕೇಳುವುದು ಕ್ಲಬ್ಬು ಒಂದೇ. ನಿಷೇಧ ಮಾಡಿದರೆ ಮೊದಲು ಬಾಗಿಲು ಮುಚ್ಚುವುದು ಕ್ಲಬ್ಬುಗಳು. ಆನ್‌ಲೈನ್ ಪಾರ್ಸೆಲ್ ಬರುತ್ತಲೇ ಇರುತ್ತದೆ.

ಒಂದೂಕಾಲು ಕಿಲೋ ಫೋಮಿನ ವಸ್ತು ಏನು ಮಾಡೀತು ಅನ್ನಿಸಬಹುದು. ನೋಡಲು ಥರ್ಮಾಕೋಲಿನ ಹಾಗೇ ಇರುತ್ತದೆ. ಆದರೆ ಮುಂದೆ ಪ್ರೊಪೆಲ್ಲರ್ ನಿಮಿಷಕ್ಕೆ ಎಂಟು–ಹತ್ತು ಸಾವಿರ ಸುತ್ತು ತಿರುಗುತ್ತಿರುತ್ತದೆ. ಹಾರುವ ವೇಗ ನಮ್ಮ ಘಾಟಿ ರಸ್ತೆಯಲ್ಲಿ ಬಸ್ಸು ಹೋಗುವುದಕ್ಕಿಂತ ಜಾಸ್ತಿ. ಹೊಟ್ಟೆಯೊಳಗೆ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ಅದು ಜಜ್ಜಿದರೆ ಹೊತ್ತಿಕೊಳ್ಳಬಹುದು, ತಕ್ಷಣವೇ ಅಲ್ಲ, ಕೆಲವೊಮ್ಮೆ ಹತ್ತು ನಿಮಿಷ ಬಿಟ್ಟು. ಅದಕ್ಕೇ ಆ ಮರಳಿನ ಬಕೆಟ್. ಶಾಲೆಯಲ್ಲಿ ಬಿದ್ದ ವಿಮಾನದ ಬ್ಯಾಟರಿಯನ್ನು ಒಬ್ಬರು ಎತ್ತಿ ಸ್ಟೇಜಿನ ಪರದೆ ಪಕ್ಕ ಇಟ್ಟಿದ್ದರು. ನಾನು ಹೋಗಿ ಎತ್ತಿಕೊಂಡು ಮೈದಾನದ ಆಚೆ ಮಣ್ಣಿನ ಮೇಲೆ ಇಟ್ಟು ಬಂದೆ. ‘ಯಾಕೆ ಸಾರ್, ನೀವು ತಗೊಂಡು ಹೋಗ್ತೀರಾ’ ಅಂತ ಕೇಳಿದರು!

ಕಲಿಯುವುದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಶುರುವಿಗೆ ಎರಡು ಟ್ರಾನ್ಸ್‌ಮಿಟರ್, ಅಂದ್ರೆ ಕೈಲಿ ಹಿಡಿಯುವ ರಿಮೋಟ್, ಇರುತ್ತವೆ. ಒಂದು ನನ್ನ ಕೈಲಿ, ಇನ್ನೊಂದು ಮೇಷ್ಟ್ರ ಕೈಲಿ, ನಡುವೆ ಒಂದು ವೈರು. ಬಡ್ಡಿ ಕೇಬಲ್ ಅನ್ನುತ್ತಾರೆ, ಸಾಲದ ಬಡ್ಡಿ ಅಲ್ಲ, ಜೊತೆಗಾರ ಅನ್ನುವ ಅರ್ಥದ ಇಂಗ್ಲಿಷ್ ಪದ. ಮೇಷ್ಟ್ರು ಒಂದು ಸ್ವಿಚ್ ಹಿಡಿದಿದ್ದರೆ ವಿಮಾನ ನನ್ನ ಮಾತು ಕೇಳುತ್ತದೆ, ಬಿಟ್ಟ ಕೂಡಲೇ ಅವರ ಕೈಗೆ ಹೋಗುತ್ತದೆ. ಮೊದಲ ಎರಡು ತಿಂಗಳು ಅವರು ಬಿಟ್ಟದ್ದೇ ಜಾಸ್ತಿ. ವಿಮಾನ ನಮ್ಮಿಂದ ದೂರ ಹೋಗುವಾಗ ಏನೂ ಕಷ್ಟ ಇಲ್ಲ, ಎಡ ಅಂದ್ರೆ ಎಡ. ತಿರುಗಿ ನಮ್ಮ ಕಡೆ ಬರತೊಡಗಿತು ಅನ್ನಿ, ಎಡ ಬಲ ಅದಲುಬದಲು. ತಲೆಗೆ ಗೊತ್ತಿರುತ್ತದೆ, ಬೆರಳಿಗೆ ಗೊತ್ತಿರುವುದಿಲ್ಲ. ಹೊಸಬರ ವಿಮಾನ ಹೆಚ್ಚಾಗಿ ಬೀಳುವುದು ಹೀಗೇ. ಶಾಲೆಯಲ್ಲಿ ಆದದ್ದೂ ಇದೇ. ಅವನದ್ದು ಮೈದಾನದ ತುದಿಗೆ ಹೋಗಿ ತಿರುಗಿ ಶಾಮಿಯಾನದ ಕಡೆ ಬರುತ್ತಿತ್ತು, ಅವನು ಆಚೆ ತಿರುಗಿಸಲು ಹೋದ, ಅದು ಈಚೆ ತಿರುಗಿತು.

ಮೇಷ್ಟ್ರು ಇದಕ್ಕೆ ಒಂದು ಉಪಾಯ ಹೇಳಿಕೊಟ್ಟರು. ‘ನೋಡಿ, ಬಾಳೆಗೊನೆ ಯಾವ ಕಡೆ ಬಾಗಿದೆಯೋ ಆ ಕಡೆಗೇ ತಾನೆ ಊರುಗೋಲು ಕೊಡೋದು? ಹಾಗೇ ಇದು. ಎದುರಿಂದ ಬರುವಾಗ ಯಾವ ರೆಕ್ಕೆ ಕೆಳಗೆ ಇಳಿದಿದೆಯೋ ಆ ಕಡೆಗೆ ಸ್ಟಿಕ್ ತಳ್ಳಿ, ಎದ್ದು ನಿಲ್ಲುತ್ತದೆ.’ ತೋಟದವನಿಗೆ ಇಷ್ಟು ಸಾಕಾಯಿತು. ಆದರೂ ಅದು ಬೆರಳಿಗೆ ಇಳಿಯಲು ಒಂದು ಮಳೆಗಾಲ ಬೇಕಾಯಿತು. ಮಳೆಗಾಲ ಅಂದ್ರೆ ನಮಗೆ ಸಿಮ್ಯುಲೇಟರ್ ಕಾಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬ್ಯಾಣಕ್ಕೆ ಕಾಲಿಟ್ಟರೆ ಇಂಬಳ (ಜಿಗಣೆ). ಹಾಗಾಗಿ ಮನೆಯಲ್ಲಿ ಕಂಪ್ಯೂಟರಿಗೆ ಟ್ರಾನ್ಸ್‌ಮಿಟರ್ ಜೋಡಿಸಿ ಅದರಲ್ಲೇ ಹಾರಿಸುವುದು, ಬೀಳಿಸುವುದು. ಕರೆಂಟು ಇದ್ದಷ್ಟು ಹೊತ್ತು. ಸಿಮ್ಯುಲೇಟರಿನಲ್ಲಿ ಇನ್ನೂರು ಸಲವಾದರೂ ವಿಮಾನ ಒಡೆದಿದ್ದೇನೆ, ಒಂದು ರೂಪಾಯಿ ಖರ್ಚಿಲ್ಲ. ಹೆಂಡತಿ ಮಾತ್ರ ‘ಮಗ ಮೊಬೈಲ್ ನೋಡಿದ್ರೆ ಬೈತೀರಿ, ನಿಮ್ಮದೇನು’ ಅಂದಳು. ಉತ್ತರ ಇರಲಿಲ್ಲ.

ಸೋಲೋ ಪರೀಕ್ಷೆಯ ಪಟ್ಟಿಯನ್ನು ಮೇಷ್ಟ್ರು ಬ್ರಿಟನ್ನಿನ ಮಾದರಿ ವಿಮಾನದವರ ಸಂಘ ಬಿಎಂಎಫ್‌ಎ ನಡೆಸುವ ‘ಎ’ ಸರ್ಟಿಫಿಕೇಟ್ ನೋಡಿ ಬರೆದದ್ದು. ಅಲ್ಲಿ ಅದು ದೇಶಕ್ಕೆಲ್ಲ ಒಂದೇ. ಒಬ್ಬರೇ ಸುರಕ್ಷಿತವಾಗಿ ಹಾರಿಸಬಲ್ಲರು ಅನ್ನುವುದಕ್ಕೆ ಅದೇ ಅಳತೆ, ಎಷ್ಟೋ ಕ್ಲಬ್ಬುಗಳು ಅದಿಲ್ಲದೆ ಒಬ್ಬರನ್ನೇ ಬಿಡುವುದಿಲ್ಲ. ನಮ್ಮದು ಅದರ ಮಲೆನಾಡು ಆವೃತ್ತಿ ಅನ್ನಿ. ಮೊದಲು ನೆಲದ ಮೇಲಿನ ತಪಾಸಣೆ. ಟ್ರಾನ್ಸ್‌ಮಿಟರ್ ಮೊದಲು ಆನ್, ಆಮೇಲೆ ವಿಮಾನಕ್ಕೆ ಬ್ಯಾಟರಿ. ಮುಗಿಸುವಾಗ ಇದರ ಉಲ್ಟಾ. ರೆಕ್ಕೆಯ ಅಂಚಿನ ಪಟ್ಟಿಗಳು ಸರಿಯಾದ ದಿಕ್ಕಿಗೆ ಆಡುತ್ತವಾ, ತೂಕದ ನಡುಬಿಂದು ಸರಿ ಇದೆಯಾ, ಸಿಗ್ನಲ್ ಎಷ್ಟು ದೂರ ಸಿಗುತ್ತದೆ, ಸಿಗ್ನಲ್ ಕಡಿದರೆ ಮೋಟರ್ ತಾನಾಗಿ ನಿಲ್ಲುತ್ತದಾ. ಆಮೇಲೆ ಗಾಳಿಗೆ ಎದುರಾಗಿ ಏರಿಸಬೇಕು, ಎದುರಿಗೆ ಒಂದೇ ಎತ್ತರದಲ್ಲಿ ಎಂಟರ ಆಕಾರ ಬಿಡಿಸಬೇಕು, ಎಡಕ್ಕೊಂದು ಬಲಕ್ಕೊಂದು ಚೌಕ ಸುತ್ತು ಹಾಕಿ ಇಳಿಸಬೇಕು. ಡೆಡ್‌ಸ್ಟಿಕ್ ಅಂತ ಒಂದಿದೆ, ಮೇಲೆ ಇರುವಾಗಲೇ ಮೇಷ್ಟ್ರು ‘ಮೋಟರ್ ಹೋಯ್ತು’ ಅನ್ನುತ್ತಾರೆ, ಥ್ರಾಟಲ್ ಪೂರ್ತಿ ಇಳಿಸಿ ತೇಲಿಸಿಕೊಂಡೇ ತರಬೇಕು. ಕೊನೆಗೆ ಬಾಯಲ್ಲೇ ಕೇಳುವ ಪ್ರಶ್ನೆಗಳು, ಸುರಕ್ಷತೆಯದ್ದು. ಲೂಪು ಹೊಡೆಯುವುದು, ತಲೆಕೆಳಗಾಗಿ ಹಾರಿಸುವುದು ಯಾವುದೂ ಇಲ್ಲ. ನಮ್ಮ ಹುಡುಗರಿಗೆ ಇದನ್ನು ಕೇಳಿದರೆ ಬೇಜಾರಾಗುತ್ತದೆ.

ನಾನು ಮೊದಲ ಸಲ ಫೇಲಾದೆ. ಅದನ್ನು ಹೇಳಲೇಬೇಕು.

ಡಿಸೆಂಬರ್ ತಿಂಗಳು, ಬೆಳಿಗ್ಗೆ ಒಂಬತ್ತೂವರೆ. ಇಬ್ಬನಿ ಆರಿತ್ತು, ಗಾಳಿ ಇನ್ನೂ ಎದ್ದಿರಲಿಲ್ಲ. ಹನ್ನೊಂದು ದಾಟಿದರೆ ಪಕ್ಕದ ತೋಟದ ಮರೆಯಲ್ಲಿ ಗಾಳಿ ಸುಳಿ ಸುತ್ತಲು ಶುರುವಾಗುತ್ತದೆ, ಇಳಿಯಲು ಬಂದ ವಿಮಾನ ಅಲ್ಲಿ ಕಲ್ಲು ಹಾಕಿದ ಹಾಗೆ ಕೆಳಗೆ ಕುಸಿಯುತ್ತದೆ. ಒಂಬತ್ತೂವರೆ ಒಳ್ಳೇ ಹೊತ್ತು. ಎಲ್ಲ ಚೆನ್ನಾಗಿಯೇ ಆಯಿತು. ಎಂಟರ ಆಕಾರ ಸ್ವಲ್ಪ ಕುಂಬಳಕಾಯಿ ಆದರೂ ಮೇಷ್ಟ್ರು ಏನೂ ಅನ್ನಲಿಲ್ಲ. ಕೊನೆಯ ಸುತ್ತು, ಇಳಿಸಲು ತಂದೆ. ವಿಮಾನ ಇನ್ನೂ ಇಪ್ಪತ್ತು ಅಡಿ ಮೇಲಿದೆ, ಬಲಗಡೆಯ ಒಡ್ಡಿನಿಂದ ಒಬ್ಬ ಹೆಂಗಸು ದರಗಿನ (ಒಣ ಎಲೆಯ) ಹೆಡಿಗೆ ಹೊತ್ತು ಬ್ಯಾಣಕ್ಕೆ ಇಳಿದರು. ನಾನು ನೋಡಿದೆ. ಪಟ್ಟಿಯಿಂದ ಇನ್ನೂ ದೂರ ಇದ್ದಾರೆ ಅನ್ನಿಸಿತು. ಇಷ್ಟು ಚೆನ್ನಾಗಿ ತಂದದ್ದನ್ನು ಬಿಡುವುದು ಯಾಕೆ ಅಂತ ಇಳಿಸಿಯೇಬಿಟ್ಟೆ. ಬೆಣ್ಣೆಯ ಹಾಗೆ ಇಳಿಯಿತು. ಹಿಂದೆ ಚಪ್ಪಾಳೆ ಕೂಡ ಬಿತ್ತು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, ‘ಇಳಿಸಿದ್ದು ಭಾಳ ಚೆನ್ನಾಗಿತ್ತು. ಫೇಲು’ ಅಂದರು.

ನಾನು ವಾದಕ್ಕೆ ನಿಂತೆ. ಮೇಷ್ಟ್ರೇ, ಅವರು ಅಷ್ಟು ದೂರದಲ್ಲಿದ್ದರು, ನನಗೆ ಕಾಣುತ್ತಿತ್ತು ಅಂತೆಲ್ಲ. ಮೇಷ್ಟ್ರು ಸುಮ್ಮನೆ ಆ ಹೆಂಗಸನ್ನೇ ಕರೆದರು. ಆಯಮ್ಮ ಹೆಡಿಗೆ ಇಳಿಸಿ ಹೇಳಿದರು: ‘ಅಯ್ಯಾ, ಅದು ನನ್ ಮೈಮೇಲೇ ಬತ್ತದೆ ಅಂತ ನಾನೇ ನಿಂತ್ಕಂಡೆ. ಇಲ್ಲಾಂದ್ರೆ ಅಡ್ಡ ದಾಟಿಬಿಡೋಳು.’ ಅಲ್ಲಿಗೆ ನನ್ನ ವಾದ ಮುಗಿಯಿತು. ನಾನು ಮಾಡಬೇಕಾಗಿದ್ದ ತೀರ್ಮಾನವನ್ನು ತಲೆ ಮೇಲೆ ಹೊರೆ ಇಟ್ಟುಕೊಂಡು ಅವರು ಮಾಡಿದ್ದರು. ನಾನು ಥ್ರಾಟಲ್ ಕೊಟ್ಟು ಮೇಲಕ್ಕೆ ಎತ್ತಿ ಇನ್ನೊಂದು ಸುತ್ತು ಹೋಗಬೇಕಿತ್ತು, ಜೋರಾಗಿ ಕೂಗಿ ಹೇಳಬೇಕಿತ್ತು, ಅಷ್ಟೇ. ಬ್ಯಾಟರಿಯೂ ಮೂರು ನಿಮಿಷಕ್ಕೆ ಆಗುವಷ್ಟು ಉಳಿದಿತ್ತು.

ಎರಡನೇ ಸಲ ಫೇಲಾದದ್ದರಲ್ಲಿ ಹೇಳುವಂಥದ್ದೇನೂ ಇಲ್ಲ. ಡೆಡ್‌ಸ್ಟಿಕ್‌ನಲ್ಲಿ ಲೆಕ್ಕ ತಪ್ಪಿ ತೋಟದ ಅಡಿಕೆ ಮರದ ತಲೆಯಲ್ಲಿ ಹೋಗಿ ಕೂತಿತು. ಅಡಿಕೆ ಕೊನೆ ಇಳಿಸುವ ಕೊನೆಗಾರನನ್ನು ಕರೆಸಿ ದೋಟಿಯಲ್ಲಿ ಇಳಿಸಬೇಕಾಯಿತು. ‘ಈ ವರ್ಷ ಫಸಲು ಹೊಸ ಜಾತಿ ಬಂದದೆ’ ಅಂದ ಅವನು. ಮೂರನೇ ಸಲ ಪಾಸು. ಮೇಷ್ಟ್ರು ಕೈ ಕುಲುಕಲಿಲ್ಲ, ಬಡ್ಡಿ ಕೇಬಲ್ ಸುತ್ತಿ ನನ್ನ ಕೈಗಿಟ್ಟು, ‘ಇದನ್ನ ಡಬ್ಬಿಗೆ ಹಾಕಿ, ಮುಂದಿನವರಿಗೆ ಬೇಕು’ ಅಂದರು.

ಇಷ್ಟೆಲ್ಲ ಹೇಳಿದ್ದು ನನ್ನ ಹೆಚ್ಚುಗಾರಿಕೆಗೆ ಅಲ್ಲ, ಹದಿನಾಲ್ಕು ತಿಂಗಳು ತೆಗೆದುಕೊಂಡವನಿಗೆ ಯಾವ ಹೆಚ್ಚುಗಾರಿಕೆ. ಆ ಹುಡುಗನಿಗೂ ನನಗೂ ಇರುವ ವ್ಯತ್ಯಾಸ ಕೈಚಳಕದ್ದಲ್ಲ. ಅವನ ಬೆರಳು ನನ್ನದಕ್ಕಿಂತ ಚುರುಕು, ಮೂರು ತಿಂಗಳು ಕೂತರೆ ನನ್ನನ್ನು ಮೀರಿಸುತ್ತಾನೆ. ನನಗೆ ‘ಫೇಲು’ ಅನ್ನಲು ಒಬ್ಬರಿದ್ದರು, ಅವನಿಗೆ ಯಾರೂ ಇರಲಿಲ್ಲ. ಎಲ್ಲರೂ ವಿಡಿಯೋ ಮಾಡುತ್ತಿದ್ದರು.

ಹಾಗಾಗಿ ನಿಮ್ಮ ಪತ್ರಿಕೆಯ ಮೂಲಕ ನಾನು ಕೇಳುವುದು ಇಷ್ಟು. ಶಾಲೆಯವರು, ಕಾಲೇಜು ಹಬ್ಬದವರು, ಗಣಪತಿ ಸಮಿತಿಯವರು, ಜಾತ್ರೆಯವರು ಯಾರೇ ಆಗಲಿ ವಿಮಾನ ಹಾರಿಸಲು ಒಬ್ಬರನ್ನು ಕರೆಯುವ ಮೊದಲು ಒಂದು ಪ್ರಶ್ನೆ ಕೇಳಿ. ‘ಸೋಲೋ ಆಗಿದೆಯಾ? ಯಾರ ಹತ್ತಿರ?’ ಆಗಿದೆ ಅಂದರೆ ಆ ಕ್ಲಬ್ಬಿನವರಿಗೊಂದು ಫೋನು ಮಾಡಿ. ಆಗಿಲ್ಲ ಅಂದರೆ ವಿಮಾನವನ್ನು ಮೇಜಿನ ಮೇಲಿಟ್ಟು ಮಕ್ಕಳಿಗೆ ತೋರಿಸಲಿ, ಅದೂ ಚೆಂದವೇ. ಆಗಿದೆ ಅಂದವರನ್ನೂ ಜನ ಕೂತ ಕಡೆ ಹಾರಿಸಲು ಬಿಡಬೇಡಿ. ಜನ ಒಂದು ಕಡೆ, ವಿಮಾನ ಒಂದು ಕಡೆ, ನಡುವೆ ಒಂದು ಗೆರೆ. ಆ ಗೆರೆ ದಾಟಿ ವಿಮಾನ ಜನರ ಮೇಲೆ ಬಂತು ಅಂದ್ರೆ ಅವತ್ತಿನ ಕಾರ್ಯಕ್ರಮ ಮುಗಿಯಿತು. ಮೈದಾನ ಸಣ್ಣದಿದ್ದರೆ ಬೇಡವೇ ಬೇಡ. ನಮ್ಮ ಊರುಗಳ ಶಾಲೆ ಮೈದಾನ ಬಹುಪಾಲು ಸಣ್ಣವೇ, ಮೂರು ಕಡೆ ಕರೆಂಟ್ ತಂತಿ.

ನಿಷೇಧ ಕೇಳಿದ ಓದುಗರಿಗೆ ಇನ್ನೊಂದು ಮಾತು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಬ್ಯಾಣಕ್ಕೆ ಬನ್ನಿ. ಚಹಾ ನಾವೇ ತರುತ್ತೇವೆ. ಗರುಡ ಬಂದು ನಮ್ಮ ವಿಮಾನದ ಮೇಲೆ ಎರಗಲು ನೋಡುತ್ತದೆ, ಅದನ್ನು ಕಂಡ ಕೂಡಲೇ ನಾವೆಲ್ಲ ಇಳಿಸಿ ಕೂತುಬಿಡುತ್ತೇವೆ, ಆಕಾಶ ಅದರದ್ದು ಅಂತ. ಅರ್ಧ ಹೊತ್ತು ನಾವು ಹಾರಿಸುವುದೇ ಇಲ್ಲ, ಮಂಜು, ದನ, ಗಾಳಿ, ಗರುಡ ಅಂತ ಕಾಯುತ್ತಲೇ ಇರುತ್ತೇವೆ. ಬೇಜಾರಾದರೆ ಮೊದಲೇ ಕ್ಷಮಿಸಿ.

ಆ ಶಾಲೆಯ ಹೆಡ್‌ಮಾಸ್ಟ್ರು ಮೊನ್ನೆ ಮೇಷ್ಟ್ರಿಗೆ ಫೋನು ಮಾಡಿದ್ದರಂತೆ. ಮಕ್ಕಳಿಗೆ ಒಂದು ಸಲ ಸರಿಯಾಗಿ ತೋರಿಸಿ ಅಂತ. ಶಾಲೆ ಮೈದಾನ ಬೇಡ, ಕೊಯ್ಲು ಆದ ಗದ್ದೆ ಬಯಲು ನೋಡಿ ಅಂದರು ಮೇಷ್ಟ್ರು. ನಕ್ಷೆಯಲ್ಲಿ ಆ ಜಾಗ ಹಸಿರಿದೆ, ನಾನೇ ನೋಡಿದ್ದೇನೆ. ಆ ಹುಡುಗನನ್ನೂ ಬರಲು ಹೇಳಿದ್ದೇವೆ, ಬಡ್ಡಿ ಕೇಬಲ್ ಡಬ್ಬಿಯಿಂದ ತೆಗೆದಿಟ್ಟಿದ್ದೇನೆ. ಅವತ್ತು ಹಾರಿಸುವವಳು ನನ್ನ ತಮ್ಮನ ಮಗಳು. ನಾನು ಅವಳ ಪಕ್ಕ ನಿಂತು ದನ ಬಂತಾ, ಜನ ಬಂದರಾ ಅಂತ ನೋಡುತ್ತಿರುತ್ತೇನೆ.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ಓದುಗ